ನಾಲ್ಕು ಸ್ಕ್ರೂ, ಒಂದು ರೆಸಿಸ್ಟರ್ ಮತ್ತು ನಮ್ಮ ಡಿಗ್ರಿ

"ಬಿಚ್ಚಬೇಡ ಮಗಾ, ಇರೋದೂ ಹಾಳಾಗುತ್ತೆ..."

ಹೀಗಂದಿದ್ದು ನಮ್ಮಜ್ಜಿ ಅಲ್ಲ. ನನ್ನ ಜೊತೆನೇ ನಾಲ್ಕು ವರ್ಷ ಎಲೆಕ್ಟ್ರಾನಿಕ್ಸ್ ಓದಿ, ನನಗಿಂತ ಜಾಸ್ತಿ ಮಾರ್ಕ್ಸ್ ತಗೊಂಡು, ಈಗ ನನ್ನ ಹಾಗೇ ಬೆಂಗಳೂರಿನಲ್ಲಿ ಕೋಡ್ ಬರೀತಾ ಕೂತಿರೋ ನನ್ನ ಗೆಳೆಯ. ಬಿಚ್ಚಬೇಡ ಅಂದಿದ್ದು ರಾಕೆಟ್ಟನ್ನಲ್ಲ ಸ್ವಾಮಿ, 15 ವ್ಯಾಟಿನ ಒಂದು ಗಿಟಾರ್ ಆಂಪ್ಲಿಫೈಯರನ್ನ. ಹಿಂದುಗಡೆ ನಾಲ್ಕೇ ನಾಲ್ಕು ಸ್ಕ್ರೂ.

ಆವತ್ತಿಂದ ತಲೆಯಲ್ಲಿ ಕೊರೀತಾನೇ ಇದೆ. ಇವತ್ತು ಭಾನುವಾರ, ಕೋಪಾನೂ ಇದೆ, ಟೈಮೂ ಇದೆ. ಬರೆದೇ ಬಿಡ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಇಟ್ಕೊಂಡು ಓದಿ :-)

ಮೊದಲು ಕತೆ.

2018ರಲ್ಲಿ, ಆರನೇ ಸೆಮಿಸ್ಟರಿನಲ್ಲಿದ್ದಾಗ, ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಆಂಪ್ ತಗೊಂಡಿದ್ದೆ. ಬ್ರ್ಯಾಂಡ್ ಹೆಸರು ಬೇಡ, ಆ ಬೆಲೆಯ ಎಲ್ಲಾ ಆಂಪುಗಳೂ ಹೆಚ್ಚು ಕಮ್ಮಿ ಹಾಗೇ ಇರುತ್ವೆ. ವಾಲ್ವ್ ಅಲ್ಲ, ಟ್ರಾನ್ಸಿಸ್ಟರು ಐಸಿಗಳದ್ದು. ವಾಲ್ಯೂಮ್, ಬೇಸ್, ಟ್ರೆಬಲ್ ಅಂತ ಮೂರು ತಿರುಗಣೆ. ರೂಮಿನಲ್ಲಿ ಒಬ್ಬನೇ ಕೂತು ನುಡಿಸಿದರೆ ಸದ್ದು ಎಷ್ಟು ಚೆನ್ನ ಅಂತೀರಾ! ಕೆಳಗೆ ಗುಂ ಅನ್ನೋ ಬೇಸು, ಮೇಲೆ ಗಾಜಿನ ಬಳೆ ಥರ ಟ್ರೆಬಲ್ಲು. ಏಳು ವರ್ಷ ಖುಷಿಯಾಗೇ ಇದ್ದೆ.

ಆಮೇಲೆ ನಮ್ಮ ಬಡಾವಣೆಯ ಗಣೇಶನ ಕಾರ್ಯಕ್ರಮ ಬಂತು. ನಾವು ನಾಲ್ಕು ಜನ ಸೇರಿಕೊಂಡು ಹಳೇ ಸಿನಿಮಾ ಹಾಡುಗಳನ್ನ ನುಡಿಸಿದ್ವಿ. ಕೀಬೋರ್ಡು, ಬೇಸ್ ಗಿಟಾರು, ರಿದಮ್ ಪ್ಯಾಡು, ಮತ್ತೆ ನಾನು. ಮಧ್ಯದ ಮ್ಯೂಸಿಕ್ ಬಿಟ್ಟು ಎಲ್ಲಾ ನನ್ನದೇ, ಎರಡು ತಿಂಗಳು ಪ್ರಾಕ್ಟೀಸ್ ಮಾಡಿದ್ದೆ. ಎರಡನೇ ಸಾಲಿನಲ್ಲಿ ಕೂತಿದ್ದ ಅಮ್ಮ ಮನೆಗೆ ಬಂದ ಮೇಲೆ ಕೇಳಿದ್ರು: "ಅಲ್ಲ ಕಣೋ, ನೀನು ನುಡಿಸ್ತಾ ಇದ್ಯೋ, ಸುಮ್ನೆ ಕೈ ಆಡಿಸ್ತಾ ಇದ್ಯೋ?"

ವಾಲ್ಯೂಮ್ ಕಮ್ಮಿ ಇಟ್ಟಿದ್ದಕ್ಕೆ ಅಂತ ಅಂದ್ಕೋಬೇಡಿ. ಪೂರ್ತಿ ತಿರುಗಿಸಿದ್ದೆ. ತಿರುಗಿಸಿದಷ್ಟೂ ಬೇಸು ಗುಂಯ್ ಅಂತು, ಟ್ರೆಬಲ್ಲು ಕಿರ್ ಅಂತು, ಮಧ್ಯದಲ್ಲಿರಬೇಕಾದ ಹಾಡು ಮಾತ್ರ ನಾಪತ್ತೆ.

ಇದಕ್ಕೆ ನನಗೆ ಮೂರು ಸಲಹೆ ಸಿಕ್ಕಿದ್ವು.

ಒಂದು: "ಹೊಸಾದು ತಗೋ ಗುರು." 18 ಸಾವಿರ ರೂಪಾಯಿ.

ಎರಡು: ಗಿಟಾರ್ ಬಲ್ಲ ಇನ್ನೊಬ್ಬ ಗೆಳೆಯನದ್ದು. ಅಮೆರಿಕದಿಂದ ತರಿಸೋ ಕಿತ್ತಳೆ ಬಣ್ಣದ ದುಬಾರಿ ಕೆಪಾಸಿಟರ್ ಹಾಕಿಸಿದ್ರೆ "ಟೋನಲ್ಲಿ ಜೀವ ಬರುತ್ತೆ" ಅಂತ. ಯಾವ ಕೆಪಾಸಿಟರ್ ಬದಲಾಯಿಸಬೇಕು ಅಂತ ಕೇಳಿದ್ರೆ, "ಎಲ್ಲಾ" ಅಂದ.

ಮೂರು: ಸರ್ವೀಸ್ ಸೆಂಟರಿನವರದ್ದು. "ಸರ್, ಇದು ಫಾಲ್ಟ್ ಅಲ್ಲ, ಇದು ಇರೋದೇ ಹಿಂಗೆ. ನಾವು ಬೋರ್ಡ್ ಬದಲಾಯಿಸ್ತೀವಿ, ಬೋರ್ಡ್ ಒಳಗಿಂದು ಮುಟ್ಟಲ್ಲ."

ನಿಜ ಹೇಳ್ಬೇಕು ಅಂದ್ರೆ ಮೂರನೆಯವರು ಹೇಳಿದ್ರಲ್ಲಿ ಅರ್ಧ ಸತ್ಯ ಇತ್ತು. ಅದು ಫಾಲ್ಟ್ ಅಲ್ಲ, ಡಿಸೈನು. ಆದ್ರೆ ಡಿಸೈನ್ ಅನ್ನೋದು ಹಣೆಬರಹ ಅಲ್ಲವಲ್ಲ!

ಈ ನಡುವೆ ತಿಪಟೂರಿಂದ ಸೋದರಮಾವ ಬಂದ್ರು. ಮಾವ ಪಿಯುಸಿ ಫೇಲು. ಎಂಬತ್ತರ ದಶಕದಿಂದ ಇಪ್ಪತ್ತೈದು ವರ್ಷ ರೇಡಿಯೋ, ಟೇಪ್ ರೆಕಾರ್ಡರ್, ಟೀವಿ ರಿಪೇರಿ ಅಂಗಡಿ ನಡೆಸಿದವರು. ಈಗ ಅಂಗಡಿ ಮುಚ್ಚಿ ತೋಟ ನೋಡ್ಕೊಂಡಿದ್ದಾರೆ. ನನ್ನ ಗೋಳು ಕೇಳಿ, "ಬಿಚ್ಚಿ ನೋಡಿದ್ಯಾ?" ಅಂದ್ರು.

"ಇಲ್ಲ ಮಾವ."

"ಯಾಕೋ?"

ಉತ್ತರ ಇರ್ಲಿಲ್ಲ. ನಿಜವಾಗ್ಲೂ ಇರ್ಲಿಲ್ಲ. ವಾರಂಟಿ ಮುಗಿದು ಯಾವ ಕಾಲ ಆಗಿತ್ತೋ.

"ಮತ್ತೆ ನಾಲ್ಕು ವರ್ಷ ಏನೋ ಓದಿದ್ದು ನೀನು?"

ಪ್ಲಗ್ ಕಿತ್ತು, ಸ್ಕ್ರೂ ಬಿಚ್ಚಿದ್ವಿ. ಮಾವ ಕನ್ನಡಕ ಏರಿಸಿಕೊಂಡು, ಟ್ರೆಬಲ್ ಮತ್ತು ಬೇಸ್ ತಿರುಗಣೆಗಳ ಕಾಲಿಂದ ಶುರು ಮಾಡಿ ಗೆರೆ ಹಿಡ್ಕೊಂಡು ಹೋದ್ರು, ನಾನು ಪೇಪರಿನ ಮೇಲೆ ಬರ್ಕೊಂಡು ಹೋದೆ. "ನೀಲಿ, ಬೂದು, ಕೆಂಪು" ಅಂದ್ರು. ನಾನು ಮನಸ್ಸಲ್ಲೇ "ಬಿ ಬಿ ರಾಯ್ ಆಫ್ ಗ್ರೇಟ್ ಬ್ರಿಟನ್..." ಅಂತ ಲೆಕ್ಕ ಹಾಕೋಷ್ಟರಲ್ಲಿ ಅವರೇ "ಆರು ಸಾವಿರದ ಎಂಟ್ನೂರು" ಅಂದು ಮುಂದಕ್ಕೆ ಹೋಗಿದ್ರು. ನನಗೆ ಆ ಮಂತ್ರ ಬಾಯಿಪಾಠ ಇತ್ತು, ಅವರಿಗೆ ಬಣ್ಣ ಗೊತ್ತಿತ್ತು.

ಇಪ್ಪತ್ತು ನಿಮಿಷದಲ್ಲಿ ಪೇಪರ್ ಮೇಲೆ ಮೂಡಿದ ಚಿತ್ರ ನೋಡಿ ನಾನು ಬೆಪ್ಪಾದೆ. ಗಿಟಾರ್ ಆಂಪುಗಳ ಬಗ್ಗೆ ಒಂದಿಷ್ಟು ಓದಿದವರೆಲ್ಲ ಗುರುತು ಹಿಡಿಯೋ ಚಿತ್ರ ಅದು. ಅದಕ್ಕೆ ಟೋನ್ ಸ್ಟ್ಯಾಕ್ ಅಂತಾರೆ. ಮೂರು ಕೆಪಾಸಿಟರು, ಸ್ಲೋಪ್ ರೆಸಿಸ್ಟರ್ ಅನ್ನೋ ಒಂದು ರೆಸಿಸ್ಟರು, ತಿರುಗಣೆಗಳು, ಅಷ್ಟೇ. ಐವತ್ತರ ದಶಕದ ಫೆಂಡರ್ ಆಂಪುಗಳಿಂದ ಶುರುವಾಗಿ ಮಾರ್ಷಲ್, ವಾಕ್ಸ್ ಅಂತ ಎಲ್ಲರ ಕೈಯಲ್ಲೂ ಓಡಾಡಿದ ಮನೆತನ ಅದರದ್ದು. ನನ್ನ ಡಬ್ಬಿಯಲ್ಲಿ ಸ್ಲೋಪ್ ರೆಸಿಸ್ಟರ್ 100ಕೆ, ಟ್ರೆಬಲ್ ದಾರಿಯಲ್ಲಿ 250 ಪಿಕೋಫ್ಯಾರಡ್ಡಿನ ಆಸುಪಾಸು, ಬೇಸಿಗೆ 0.1 ಮೈಕ್ರೋಫ್ಯಾರಡ್, ಮಿಡ್ಡಿಗೆ 47 ನ್ಯಾನೋಫ್ಯಾರಡ್. ಮಿಡ್ ತಿರುಗಣೆ ಇರಬೇಕಾದ ಜಾಗದಲ್ಲಿ ದುಡ್ಡು ಉಳಿಸೋಕೆ ಅಂತ ಒಂದು 6.8ಕೆ ರೆಸಿಸ್ಟರ್ ಹಾಕಿ ಬೆಸೆದು ಬಿಟ್ಟಿದ್ದಾರೆ. (ಅರವತ್ತರ ದಶಕದ ಫೆಂಡರ್ ಡಿಲಕ್ಸ್ ರಿವರ್ಬ್‌ನಲ್ಲೂ ಇದೇ ಜಾಗಕ್ಕೆ ಇದೇ 6.8ಕೆ. ಅಂದ್ರೆ ಕದ್ದಿದ್ದರೂ ಒಳ್ಳೇ ಕಡೆಯಿಂದಲೇ ಕದ್ದಿದ್ದಾರೆ!)

ಈಗ ಸ್ವಲ್ಪ ಲೆಕ್ಕ. ಹೆದರಬೇಡಿ, ಮೂರನೇ ಸೆಮಿಸ್ಟರಿನದ್ದು.

ಈ ಸರ್ಕ್ಯೂಟು ಮಧ್ಯದ ಸ್ವರಗಳನ್ನ ಹೇಗೆ ತಿನ್ನುತ್ತೆ ನೋಡಿ. ಮಧ್ಯದ ಸಿಗ್ನಲ್ಲು ಬರೋದು ಆ 100ಕೆ ಮೂಲಕ. ಬಂದ ತಕ್ಷಣ ಅದಕ್ಕೆ ನೆಲದ ಕಡೆ ಒಂದು ಇಳಿಜಾರು ಸಿಗುತ್ತೆ: 47 ನ್ಯಾನೋದ ಕೆಪಾಸಿಟರು, ಅದರ ಕೆಳಗೆ 6.8ಕೆ. 450 ಹರ್ಟ್ಸ್‌ನಲ್ಲಿ ಆ ಕೆಪಾಸಿಟರು ಒಡ್ಡೋ ಅಡ್ಡಿ ಸುಮಾರು 7.5ಕೆ. ಎರಡನ್ನೂ ನೇರವಾಗಿ ಕೂಡಿಸೋ ಹಾಗಿಲ್ಲ, ಒಂದಕ್ಕೊಂದು 90 ಡಿಗ್ರಿ ಅಡ್ಡ. ಪೈಥಾಗೋರಸ್ ಲೆಕ್ಕ ಹಾಕಿದ್ರೆ ಸುಮಾರು 10ಕೆ. ಮೇಲೆ 100ಕೆ, ಕೆಳಗೆ 10ಕೆ. ಅಂದ್ರೆ ಬಂದಿದ್ದರಲ್ಲಿ ಹತ್ತನೇ ಒಂದು ಪಾಲು ಮಾತ್ರ ಮುಂದಕ್ಕೆ ಹೋಗುತ್ತೆ. 20 ಡೆಸಿಬೆಲ್ ಖೋತಾ! ಟ್ರೆಬಲ್ಲು ತನ್ನ ಪುಟ್ಟ ಕೆಪಾಸಿಟರ್ ಮೂಲಕ ಈ ಗುಂಡಿಯನ್ನ ಹಾರಿಕೊಂಡು ಹೋಗುತ್ತೆ. ಬೇಸಿಗೆ ಕೆಪಾಸಿಟರುಗಳು ನೆಲದ ದಾರಿಯನ್ನೇ ಮುಚ್ಚುತ್ವೆ, ಅದೂ ಬಚಾವು. ಬೀಳೋದು ಮಧ್ಯದವರೇ.

ಗಿಟಾರಿನ ಅತಿ ತೆಳು ತಂತಿಯನ್ನ ಸುಮ್ಮನೆ ಮೀಟಿದರೆ 330 ಹರ್ಟ್ಸ್. ಅದೇ ತಂತಿ ಹನ್ನೆರಡನೇ ಫ್ರೆಟ್ಟಿನಲ್ಲಿ 659. ಅಂದ್ರೆ ನಾನು ಎರಡು ತಿಂಗಳು ಕಲಿತ ಅಷ್ಟೂ ಹಾಡು ಇರೋದು ಈ ಗುಂಡಿಯ ಒಳಗೇ! ಒಬ್ಬನೇ ನುಡಿಸುವಾಗ ಈ ಗುಂಡಿ ಚೆಂದ, ಸದ್ದು ಅಗಲವಾಗಿ ಕೇಳುತ್ತೆ. ಪಕ್ಕದಲ್ಲಿ ಬೇಸ್ ಗಿಟಾರು ಬಂದು ಕೆಳಗಿನ ಜಾಗ ತಗೊಂಡು, ರಿದಮ್ ಪ್ಯಾಡಿನ ತಾಳ ಬಂದು ಮೇಲಿನ ಜಾಗ ತಗೊಂಡರೆ, ಗಿಟಾರಿಗೆ ಉಳಿಯೋದು ತಾನೇ ತೋಡಿಕೊಂಡ ಗುಂಡಿ.

ಔಷಧಿ ಏನು? ಆ 6.8ಕೆ ತೆಗೆದು ಅಲ್ಲೊಂದು ತಿರುಗಣೆ ಹಾಕೋದು. ಎಸ್.ಪಿ. ರೋಡಿಗೆ ಹೋಗಿ 25ಕೆ ಕೇಳಿದೆ, 22ಕೆ ಕೊಟ್ರು. ನಡೆಯುತ್ತೆ. ಪೂರ್ತಿ ತಿರುಗಿಸಿದಾಗ ಕೆಳಗಿನ ಅಡ್ಡಿ ಸುಮಾರು 23ಕೆ, ಒಟ್ಟು 122ಕೆ. ಹತ್ತನೇ ಒಂದು ಪಾಲಿದ್ದದ್ದು ಐದನೇ ಒಂದು ಪಾಲಾಯ್ತು. ಮಧ್ಯದ ಸ್ವರ ಎರಡು ಪಟ್ಟು, 6 ಡೆಸಿಬೆಲ್ ಮೇಲಕ್ಕೆ. ತಿರುಗಣೆ, ಶೀಲ್ಡ್ ವೈರು, ಸೀಸ ಎಲ್ಲಾ ಸೇರಿ ಖರ್ಚು 120 ರೂಪಾಯಿ. ಮೆಟ್ರೋ ಟಿಕೆಟ್ ಬೇರೆ.

ಎಲ್ಲಾ ಹೂವೆತ್ತಿದ ಹಾಗೆ ಆಯ್ತು ಅಂತ ಸುಳ್ಳು ಹೇಳಲ್ಲ. ಹಳೇ ರೆಸಿಸ್ಟರ್ ಕೀಳುವಾಗ ಐರನ್ ಜಾಸ್ತಿ ಹೊತ್ತು ಒತ್ತಿ ಹಿಡಿದು ಬೋರ್ಡಿನ ತಾಮ್ರದ ಗೆರೆ ಎದ್ದು ಬಂತು. ಮಾವ ಮಾತಾಡದೆ ಒಂದು ಚೂರು ತಂತಿ ಬೆಸೆದು ಸೇತುವೆ ಕಟ್ಟಿದ್ರು. ಮೊದಲು ಮಾಮೂಲಿ ವೈರ್ ಎಳೆದಿದ್ದೆ, ಹುಂ ಅಂತ ಸದ್ದು ಬಂತು. ಶೀಲ್ಡ್ ವೈರ್ ಹಾಕಿ, ತಿರುಗಣೆಯ ಲೋಹದ ಮೈಯನ್ನ ಗ್ರೌಂಡಿಗೆ ಸೇರಿಸಿದ ಮೇಲೆ ನಿಂತಿತು. ಹಳೇ 6.8ಕೆಯನ್ನ ಒಂದು ಕವರಿನಲ್ಲಿ ಹಾಕಿ ಡಬ್ಬಿಯ ಒಳಗೇ ಅಂಟಿಸಿದ್ದೀನಿ. ನಮ್ಮ ಭಾಷೇಲಿ ಹೇಳೋದಾದ್ರೆ ರೋಲ್‌ಬ್ಯಾಕ್ ಪ್ಲಾನು ;-)

ಕತೆ ಮುಗೀತು. ಈಗ ಜಗಳ.

ನನ್ನ ತಕರಾರು ಆಂಪ್ ಮಾಡೋ ಕಂಪನಿ ಮೇಲಲ್ಲ. ಅವರು ಒಂದು ತಿರುಗಣೆ ಉಳಿಸಿದ್ರು, ನನಗೆ ಆಂಪು ಅಗ್ಗಕ್ಕೆ ಸಿಕ್ತು, ಲೆಕ್ಕ ಚುಕ್ತಾ. ನನ್ನ ತಕರಾರು ನಮ್ಮ ಮೇಲೆ. ಬಿ.ಇ. ಅಂತ ಹೆಸರಿನ ಮುಂದೆ ಹಾಕ್ಕೊಂಡು, "ಬಿಚ್ಚಬೇಡ" ಅಂತ ಊರಿಗೆಲ್ಲ ಬುದ್ಧಿ ಹೇಳೋ ನಮ್ಮ ಮೇಲೆ.

ಕಾಲೇಜಿನಲ್ಲಿ ನಮಗೆ ಆರ್‌ಸಿ ಸರ್ಕ್ಯೂಟಿನ ಲ್ಯಾಬ್ ಇತ್ತು. ಬೋರ್ಡು ರೆಡಿ, ವ್ಯಾಲ್ಯೂ ರೆಡಿ, ಗ್ರಾಫು ಹೇಗೆ ಬರಬೇಕು ಅಂತ ಸೀನಿಯರ್ ರೆಕಾರ್ಡಿನಲ್ಲಿ ರೆಡಿ. ರೀಡಿಂಗ್ ತಪ್ಪಿದ್ರೆ ರೀಡಿಂಗನ್ನೇ ತಿದ್ದೋದು, ಯಾಕೆ ತಪ್ಪಿತು ಅಂತ ಯಾರೂ ಕೇಳಲ್ಲ. ಎಕ್ಸ್‌ಟರ್ನಲ್ ಬಂದು ಎರಡು ಪ್ರಶ್ನೆ ಕೇಳಿ ಹೋಗ್ತಾರೆ. ಆ ಲ್ಯಾಬಿನಲ್ಲಿ ನನಗೆ ಒಳ್ಳೇ ಮಾರ್ಕ್ಸ್ ಬಂದಿತ್ತು. ಅದೇ ಸರ್ಕ್ಯೂಟು ಏಳು ವರ್ಷ ನನ್ನ ಮಂಚದ ಪಕ್ಕದಲ್ಲಿ, ಆಂಪಿನ ಒಳಗೆ ಕೂತಿತ್ತು, ನನಗೆ ಅದರ ಗುರುತೇ ಸಿಗಲಿಲ್ಲ. ನಾಚಿಕೆ ಆಗ್ಬೇಕಾದ್ದು ಇದಕ್ಕೆ.

ಈ ಗಿಟಾರ್ ಆಂಪ್ ಅನ್ನೋ ವಸ್ತು ಹುಟ್ಟಿದ್ದೇ ಬಿಚ್ಚೋರಿಂದ ಕಣ್ರೀ. ಲಿಯೋ ಫೆಂಡರ್ ಓದಿದ್ದು ಅಕೌಂಟೆನ್ಸಿ. 1938ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್ನಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟವನು, ನಮ್ಮ ಮಾವನ ಹಾಗೆ. ಆತನಿಗೆ ಗಿಟಾರ್ ನುಡಿಸೋಕೂ ಬರ್ತಿರಲಿಲ್ಲ. 1962ರಲ್ಲಿ ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಜಿಮ್ ಮಾರ್ಷಲ್ ಅನ್ನೋ ಡ್ರಮ್ಮರ್ ಅಂಗಡಿಯಲ್ಲಿ ಕೆನ್ ಬ್ರಾನ್, ಡಡ್ಲಿ ಕ್ರೇವನ್ ಸೇರಿ ಫೆಂಡರಿನ ಬೇಸ್‌ಮನ್ ಆಂಪಿನ ಸರ್ಕ್ಯೂಟನ್ನ ಹೆಚ್ಚು ಕಮ್ಮಿ ಹಾಗೇ ಇಟ್ಕೊಂಡು ಮೊದಲ ಮಾರ್ಷಲ್ ಕಟ್ಟಿದ್ರು. ಆಮೇಲೆ ಅದೇ ಟೋನ್ ಸ್ಟ್ಯಾಕಿನಲ್ಲಿ 56ಕೆ ಇದ್ದ ಸ್ಲೋಪ್ ರೆಸಿಸ್ಟರ್ 33ಕೆ ಆಯ್ತು, ಟ್ರೆಬಲ್ ಕೆಪಾಸಿಟರು ಎರಡು ಪಟ್ಟಾಯ್ತು. ಫೆಂಡರ್ ಕಡೆ ಅದೇ ರೆಸಿಸ್ಟರ್ 100ಕೆಗೆ ಹೋಯ್ತು. "ಅಮೆರಿಕನ್ ಟೋನು, ಬ್ರಿಟಿಷ್ ಟೋನು" ಅಂತ ಜನ ಜಗಳ ಆಡ್ತಾರಲ್ಲ, ಅದರಲ್ಲಿ ಸ್ಪೀಕರು, ವಾಲ್ವು ಎಲ್ಲದರ ಪಾತ್ರ ಇದ್ರೂ ಒಂದು ದೊಡ್ಡ ಪಾಲು ಈ ನಾಲ್ಕೈದು ಬಿಡಿ ಭಾಗಗಳದ್ದೇ. ಅರವತ್ತರ ದಶಕದ ಕೊನೆಗೆ ರ‍್ಯಾಂಡಲ್ ಸ್ಮಿತ್ ಅನ್ನೋನು ಫೆಂಡರಿನ ಪುಟ್ಟ ಪ್ರಿನ್ಸ್‌ಟನ್ ಆಂಪನ್ನ ಬಿಚ್ಚಿ ಅದರೊಳಗೆ ದೊಡ್ಡ ಆಂಪಿನ ಟ್ರಾನ್ಸ್‌ಫಾರ್ಮರು, ದೊಡ್ಡ ಸ್ಪೀಕರು ತುರುಕಿದ. ಅದೇ ಮುಂದೆ ಮೆಸಾ ಬೂಗಿ ಆಯ್ತು. ಇವರ‍್ಯಾರಿಗೂ ನನ್ನ ಗೆಳೆಯ ಸಿಕ್ಕಿರಲಿಲ್ಲ, ನಮ್ಮ ಪುಣ್ಯ.

ಇನ್ನು ಎರಡನೇ ಸಲಹೆಯವರ ವಿಚಾರ. ಕಿತ್ತಳೆ ಕೆಪಾಸಿಟರಿನ ಭಕ್ತರು. ಬಿಚ್ಚಬೇಡ ಅನ್ನೋರಿಗಿಂತ ಇವರು ವಾಸಿ ಅಂತ ಮೊದಲು ಅನ್ಸಿತ್ತು. ಈಗ ಇಬ್ಬರೂ ಒಂದೇ ಅನ್ಸುತ್ತೆ. ಒಬ್ಬರು ಡಬ್ಬಿಗೆ ಹೆದರಿ ಕೈ ಮುಗೀತಾರೆ, ಇನ್ನೊಬ್ಬರು ಭಕ್ತಿಯಿಂದ ಮುಗೀತಾರೆ. ಒಳಗೇನು ನಡೀತಿದೆ ಅಂತ ಇಬ್ಬರಿಗೂ ಬೇಡ. ನೋಡಿ, ಸೆರಾಮಿಕ್ ಕೆಪಾಸಿಟರುಗಳಲ್ಲಿ ಕೆಲವು ಜಾತಿಯವು ವೋಲ್ಟೇಜಿನ ಜೊತೆ ತಮ್ಮ ವ್ಯಾಲ್ಯೂ ಬದಲಾಯಿಸ್ತವೆ, ತಟ್ಟಿದರೆ ಸದ್ದು ಮಾಡ್ತವೆ. ಅವನ್ನ ತೆಗೆದು ಫಿಲ್ಮ್ ಕೆಪಾಸಿಟರ್ ಹಾಕೋದಕ್ಕೆ ಅರ್ಥ ಇದೆ. ಆದ್ರೆ ಒಂದೇ ವ್ಯಾಲ್ಯೂನ ಎರಡು ಒಳ್ಳೇ ಫಿಲ್ಮ್ ಕೆಪಾಸಿಟರುಗಳಲ್ಲಿ ಒಂದಕ್ಕೆ ಐದು ರೂಪಾಯಿ, ಇನ್ನೊಂದಕ್ಕೆ ಐನೂರು ಕೊಟ್ಟು "ಜೀವ ಬಂತು" ಅನ್ನೋ ಮೊದಲು ಮೀಟರಿನಲ್ಲಿ ಎರಡರ ವ್ಯಾಲ್ಯೂ ಅಳೆದು ನೋಡಿ. ಹಳೇ ಆಂಪುಗಳಲ್ಲಿ ಬಿಡಿ ಭಾಗಗಳು ಶೇಕಡಾ 20 ಹೆಚ್ಚು ಕಮ್ಮಿ ಇರೋದು ಮಾಮೂಲು. ಕೇಳಿಸಿದ ವ್ಯತ್ಯಾಸ ಹೆಸರಿನದ್ದೋ, ಆ ಇಪ್ಪತ್ತರದ್ದೋ? ಐನೂರು ರೂಪಾಯಿಯ ಕೆಪಾಸಿಟರ್ ಹಾಕಿದ್ರೂ 6.8ಕೆ ಅಲ್ಲೇ ಇದ್ದಿದ್ರೆ ನನ್ನ ಹಾಡು ಗುಂಡಿಯಲ್ಲೇ ಇರ್ತಿತ್ತು.

ಇಷ್ಟಕ್ಕೆ ಬರೋ ಆಕ್ಷೇಪಣೆಗಳು ನನಗೆ ಗೊತ್ತು. ಒಂದೊಂದಾಗಿ ತಗೋತೀನಿ.

"ಶಾಕ್ ಹೊಡೆದ್ರೆ?" ಇದೊಂದು ಆಕ್ಷೇಪಣೆಗೆ ನಾನು ಪೂರ್ತಿ ತಲೆ ಬಾಗ್ತೀನಿ. ವಾಲ್ವ್ ಆಂಪ್ ಆದ್ರೆ ಕಲಿಯದೇ ಮುಟ್ಟಲೇಬೇಡಿ. ಒಳಗೆ 300ರಿಂದ 450 ವೋಲ್ಟ್ ಡಿಸಿ ಇರುತ್ತೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಕೂತಿರುತ್ತೆ, ಪ್ರಾಣ ತೆಗೆಯುತ್ತೆ. ಈಗಿನ ಕೆಲವು ಪುಟ್ಟ ಆಂಪುಗಳಲ್ಲಿ ಟ್ರಾನ್ಸ್‌ಫಾರ್ಮರ್ ಬದಲು ಎಸ್‌ಎಂಪಿಎಸ್ ಇರುತ್ತೆ, ಅದರ ಮೊದಲ ಕೆಪಾಸಿಟರಿನಲ್ಲೂ 325 ವೋಲ್ಟ್ ಹತ್ತಿರ ಇರುತ್ತೆ. ನನ್ನದು ಮಾಮೂಲಿ ಟ್ರಾನ್ಸ್‌ಫಾರ್ಮರಿನದ್ದು, ಮೇನ್ಸ್ ಬರೋ ಕಡೆ ಬಿಟ್ಟರೆ ಬೋರ್ಡಿನ ಮೇಲೆಲ್ಲ ಕಡಿಮೆ ವೋಲ್ಟೇಜು. ಹಾಗಿದ್ರೂ ಪ್ಲಗ್ ಕಿತ್ತೇ ಬಿಚ್ಚಿದ್ದು, ಮುಚ್ಚಿದ ಮೇಲೇ ಆನ್ ಮಾಡಿದ್ದು. ಟೆಸ್ಟ್ ಮಾಡೋಕೆ ಎರಡು ವೈರನ್ನ ಹೊರಗೆ ತಂದು ತಿರುಗಣೆಯನ್ನ ಡಬ್ಬಿಯ ಆಚೆ ಇಟ್ಟಿದ್ದೆ. ಆದ್ರೆ ನೋಡಿ, ಯಾವುದರಲ್ಲಿ ಅಪಾಯ ಇದೆ, ಯಾವುದರಲ್ಲಿ ಇಲ್ಲ ಅಂತ ಹೇಳೋಕೂ ಒಳಗೇನಿದೆ ಅಂತ ಗೊತ್ತಿರಬೇಕು. "ಯಾವುದನ್ನೂ ಮುಟ್ಟಬೇಡ" ಅನ್ನೋದು ಎಚ್ಚರಿಕೆ ಅಲ್ಲ, ಸೋಮಾರಿತನ.

"ವಾರಂಟಿ?" ವಾರಂಟಿ ಇರೋವರೆಗೂ ಸುಮ್ಮನಿರಿ, ತಪ್ಪಿಲ್ಲ. ಮುಗಿದ ಮೇಲೆ ಅದು ನಿಮ್ಮ ವಸ್ತು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿಗೆ ಅಂತ ಒಂದು ಸಮಿತಿ ಮಾಡಿ, ಅದೇ ಡಿಸೆಂಬರಿನಲ್ಲಿ ಪೋರ್ಟಲ್ಲನ್ನೂ ತೆರೆಯಿತು. ಒಳ್ಳೇದೇ. ಆದ್ರೆ ಸ್ಕ್ರೂಡ್ರೈವರ್ ಹಿಡಿಯೋ ಮನಸ್ಸಿಲ್ಲದವನಿಗೆ ರಿಪೇರಿ ಹಕ್ಕು ಕೊಟ್ಟು ಏನುಪಯೋಗ?

"ನಿನ್ನ ಒಂದು ಗಂಟೆ ಸಂಬಳ ಲೆಕ್ಕ ಹಾಕಿದ್ರೆ ಹೊಸಾದೇ ಅಗ್ಗ ಅಲ್ವಾ?" ಇದು ನಮ್ಮ ಐಟಿಯವರ ಬ್ರಹ್ಮಾಸ್ತ್ರ. ಆ ಲೆಕ್ಕದಲ್ಲಿ ಗಿಟಾರ್ ನುಡಿಸೋದೂ ನಷ್ಟ, ಅಮ್ಮನ ಜೊತೆ ಮಾತಾಡೋದೂ ನಷ್ಟ, ಈ ಪೋಸ್ಟ್ ಬರೆಯೋದಂತೂ ದೊಡ್ಡ ನಷ್ಟ. ಅಲ್ಲದೆ 18 ಸಾವಿರ ಕೊಟ್ಟು ತಂದ ಹೊಸದರಲ್ಲೂ ಇದೇ ಗುಂಡಿ ಇದ್ರೆ? ಸರ್ಕ್ಯೂಟ್ ನೋಡದವನಿಗೆ ಅಂಗಡಿಯಲ್ಲಿ ಗೊತ್ತಾಗೋದು ಹೇಗೆ? ಅಂಗಡಿಯಲ್ಲಿ ಒಬ್ಬನೇ ಕೂತು ತಾನೇ ನುಡಿಸಿ ನೋಡೋದು!

"ಈಗೆಲ್ಲ ಡಿಜಿಟಲ್ಲು, ಬಿಚ್ಚಿದ್ರೂ ಒಳಗೆ ಒಂದು ಚಿಪ್ ಬಿಟ್ರೆ ಏನೂ ಇರಲ್ಲ." ಇದು ನಿಜ. ಚಿಪ್ಪಿಗೆ ಐರನ್ ಹಿಡಿದು ಪ್ರಯೋಜನ ಇಲ್ಲ. ಆದ್ರೆ ಆ ಚಿಪ್ಪಿನೊಳಗೆ ಏನಿದೆ? 2006ರಲ್ಲಿ ಡೇವಿಡ್ ಯೇ ಮತ್ತು ಜೂಲಿಯಸ್ ಸ್ಮಿತ್ ಅನ್ನೋ ಇಬ್ಬರು ಅದೇ ಫೆಂಡರ್ ಬೇಸ್‌ಮನ್ನಿನ ಟೋನ್ ಸ್ಟ್ಯಾಕನ್ನ ಪೂರ್ತಿ ಸಮೀಕರಣವಾಗಿ ಬಿಡಿಸಿ ಡಿಜಿಟಲ್ ಫಿಲ್ಟರ್ ಮಾಡಿ ತೋರಿಸಿದ್ರು. ಮೂರು ಕೆಪಾಸಿಟರು, ಹಾಗಾಗಿ ಮೂರನೇ ದರ್ಜೆಯ ಫಿಲ್ಟರು. ರಿಪೇರಿ ಅಂಗಡಿಯವನ ಸರ್ಕ್ಯೂಟು ಕೊನೆಗೂ ಬಂದು ಸೇರಿದ್ದು ನಮ್ಮ ಕೋಡಿಗೇ. ನಾವು ಅಲ್ಲೂ ಲೈಬ್ರರಿ ಕರೆದು ಸುಮ್ಮನಾಗ್ತೀವಿ, ಅದು ಬೇರೆ ಮಾತು.

ಎಲ್ಲರೂ ಐರನ್ ಹಿಡಿದು ಕೂರಬೇಕು ಅಂತ ನಾನು ಹೇಳ್ತಿಲ್ಲ. ಬ್ಯಾಂಕಿನಲ್ಲಿರೋರು, ಮೇಷ್ಟ್ರುಗಳು, ಡಾಕ್ಟರುಗಳು ಅವರವರ ಪಾಡಿಗೆ ಹೊಸಾದು ತಗೊಳ್ಳಲಿ. ನಾನು ಕೇಳ್ತಿರೋದು ಸರ್ಕ್ಯೂಟ್ ಓದಿ ಡಿಗ್ರಿ ತಗೊಂಡೋರನ್ನ. ಓದಿದ್ದನ್ನ ಕಣ್ಣ ಮುಂದಿರೋ ವಸ್ತುವಿನಲ್ಲಿ ಒಂದು ಸಲಾನೂ ಗುರುತಿಸದೆ, ಗುರುತಿಸೋಕೆ ಹೊರಟವನಿಗೂ "ಬೇಡ" ಅಂತೀವಲ್ಲ, ಯಾವ ಅಧಿಕಾರದಿಂದ?

ಕೊನೆಗೆ ಫಲಿತಾಂಶ. ಮಿಡ್ ಏರಿಸಿ ರೂಮಿನಲ್ಲಿ ಒಬ್ಬನೇ ನುಡಿಸಿದರೆ ಸದ್ದು ಮೊದಲಿನಷ್ಟು ಚೆನ್ನಾಗಿಲ್ಲ. ಮೂಗಿನಲ್ಲಿ ಮಾತಾಡಿದ ಹಾಗೆ, ಡಬ್ಬಿಯೊಳಗೆ ಕೂತ ಹಾಗೆ ಕೇಳುತ್ತೆ. ಅದಕ್ಕೇ ತಿರುಗಣೆ ಹಾಕಿದ್ದು, ಬೇಡ ಅಂದಾಗ ಇಳಿಸ್ತೀನಿ. ಕಳೆದ ವಾರ ನಾಲ್ಕೂ ಜನ ಸೇರಿ ಪ್ರಾಕ್ಟೀಸ್ ಮಾಡಿದ್ವಿ. ಮಿಡ್ ಏರಿಸಿ, ವಾಲ್ಯೂಮ್ ಮೊದಲಿಗಿಂತ ಕಮ್ಮಿ ಇಟ್ಟಿದ್ದೆ. ಅಡುಗೆಮನೆಯಿಂದ ಅಮ್ಮ ಬಂದು, "ಎರಡನೇ ಚರಣದ ಮುಂಚೆ ಒಂದು ಕಡೆ ತಪ್ಪು ನುಡಿಸ್ದೆ ನೋಡು" ಅಂದ್ರು.

ತಪ್ಪು ಕೇಳಿಸ್ತು ಅಂದ್ರೆ ಹಾಡೂ ಕೇಳಿಸ್ತು ಅಂತ ತಾನೇ? :-)

ಮಾವನಿಗೆ ಫೋನ್ ಮಾಡಿ ಹೇಳಿದೆ. "ಸರಿ ಬಿಡು. ಅಕ್ಕನ ಮಿಕ್ಸಿ ಕೆಟ್ಟಿದ್ಯಂತೆ, ಅದನ್ನ ಬಿಚ್ಚಿ ನೋಡು" ಅಂದ್ರು. ಇವತ್ತು ಸಂಜೆ ಅದೇ ಕೆಲಸ.

ನಿಮ್ಮ ಮನೆಯಲ್ಲೂ "ಅದು ಇರೋದೇ ಹಂಗೆ" ಅಂತ ಬಿಟ್ಟಿರೋ ಒಂದು ಡಬ್ಬಿ ಇರಲೇಬೇಕು. ಪ್ಲಗ್ ಕಿತ್ತು, ಗೊತ್ತಿರೋರನ್ನ ಪಕ್ಕದಲ್ಲಿ ಕೂರಿಸ್ಕೊಂಡು, ಒಂದ್ಸಲ ಬಿಚ್ಚಿ ನೋಡಿ. ಏನು ಕಂಡ್ತು, ಏನು ಸುಟ್ಟುಹೋಯ್ತು, ಎರಡನ್ನೂ ನಿಮ್ಮ ಬ್ಲಾಗಿನಲ್ಲಿ ಬರೀರಿ. ಬೈಯೋರು ಇಲ್ಲೇ ಕೆಳಗೆ ಬೈಯಿರಿ, ನನ್ನ ಆ ಗೆಳೆಯನೂ ಓದ್ತಾನೆ.